ಮಸುಕು ಗಾಜಿನ ಕಿಟಕಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದು ಒಂದು ಕಡೆಯ ಗೋಡೆ ಪಕ್ಕದವರ ಜೊತೆ ಕೂಡಿರುವ ಜೋಡಿಮನೆ. ಇಳಿಜಾರು ಚಾವಣಿಯ ಬದಿಗೆ ಗೋಡೆ ಎಬ್ಬಿಸಿ ಅಟ್ಟವನ್ನು ಕೋಣೆ ಮಾಡಿಸಲು ಹೊರಟಾಗ ನನಗಿದ್ದ ಆಸೆ ಒಂದೇ. ಆ ಗೋಡೆಯಲ್ಲಿ ಪೂರ್ವಕ್ಕೊಂದು ಕಿಟಕಿ. ಬೆಳಗಿನ ಬಿಸಿಲು ನೇರ ದೇವರ ಗೂಡಿಗೆ ಬೀಳಬೇಕು.

ಇಲ್ಲಿ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಪ್ಲಾನಿಂಗ್ ಅರ್ಜಿ, ಅಂದರೆ ಕಟ್ಟಲು ಅನುಮತಿ ಕೇಳುವ ಅರ್ಜಿ, ಬೇಕಿಲ್ಲ. ಹೆಚ್ಚುವ ಜಾಗ 50 ಘನ ಮೀಟರ್ ಮೀರದೆ, ಉಳಿದ ಷರತ್ತುಗಳಿಗೂ ಒಪ್ಪಿದರೆ 2015ರ ಸರ್ಕಾರಿ ಆದೇಶವೇ ಅನುಮತಿ ಕೊಟ್ಟಿರುತ್ತದೆ. ನನ್ನನ್ನು ತಡೆದ ಷರತ್ತು ಕಿಟಕಿಯದು. ಮನೆಯ ಬದಿಗೋಡೆಯಲ್ಲಿಟ್ಟರೆ ಗಾಜು ಮಸುಕಾಗಿರಬೇಕು. ಕೋಣೆಯ ನೆಲದಿಂದ 1.7 ಮೀಟರ್‌ವರೆಗೆ ತೆರೆಯುವಂತಿರಬಾರದು. ಅಂದರೆ ಹೆಚ್ಚುಕಡಿಮೆ ಐದಡಿ ಏಳಿಂಚು. ನಾನಿರುವುದು ಐದಡಿ ನಾಲ್ಕು. ಇಣುಕುವ ಚಟವಿದ್ದರೂ ಸ್ಟೂಲು ಹತ್ತಬೇಕು!

ದುಡ್ಡು ನನ್ನದು, ಗೋಡೆ ನನ್ನದು, ಇವರದೇನು ಅಂತ ಸಿಟ್ಟು ಬಂತು. ಆಮೇಲೆ ಎದುರಿಗೆ ಏನಿದೆ ಅಂತ ನೋಡಿದೆ. ಆಚೆ ಮನೆಯ ಮೆಟ್ಟಿಲ ಕಿಟಕಿ. ರಾತ್ರಿ ನೈಟಿಯಲ್ಲಿ ನೀರು ಕುಡಿಯಲು ಇಳಿಯುವ ಅಜ್ಜಿ ನನ್ನ ಕಣ್ಣಿಗೆ ಯಾಕೆ ಬೀಳಬೇಕು?

ಬೆಂಗಳೂರಿನಲ್ಲಿ ಅಕ್ಕನದು 30–40 ಸೈಟು. ಗಡಿಗೂ ಮನೆಗೂ ನಡುವೆ ಸೆಟ್‌ಬ್ಯಾಕ್ ಅಂತ ಜಾಗ ಬಿಡಬೇಕೆಂಬ ನಿಯಮ ಅಲ್ಲೂ ಉಂಟು. ಆದರೆ ಅವರ ಬೀದಿಯಲ್ಲಿ ಸಜ್ಜಾಕ್ಕೆ ಸಜ್ಜಾ ತಾಗುತ್ತದೆ. ಎದುರುಮನೆ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಅಕ್ಕ ಲೆಕ್ಕ ಹೇಳುತ್ತಾಳೆ. ವರ್ಷವಿಡೀ ಪರದೆ, ನಡುಮಧ್ಯಾಹ್ನವೂ ಟ್ಯೂಬ್‌ಲೈಟು. ಮನೆ ಕಟ್ಟುವಾಗ ವಾಸ್ತು ಕೇಳಿದರು, ಕಿಟಕಿಗಳು ಸಮಸಂಖ್ಯೆಯಲ್ಲಿವೆಯೇ ಎಂದು ಎಣಿಸಿದರು. ಅವು ಯಾರ ಮನೆಯತ್ತ ತೆರೆಯುತ್ತವೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಗೃಹಪ್ರವೇಶದಲ್ಲಿ ಉಂಡು ಬಂದವನೇ.

ಕಾನೂನು ನಮ್ಮಲ್ಲಿ ಬಡವಾಗೇನೂ ಇಲ್ಲ. 20 ವರ್ಷ ತಡೆಯಿಲ್ಲದೆ ಬಂದ ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆಂದು ಇಲ್ಲಿನ 1832ರ ಕಾಯ್ದೆ ಹೇಳಿದರೆ, ನಮ್ಮ 1963ರ ಕಾಲಮಿತಿ ಕಾಯ್ದೆ ಬೆಳಕಿನ ಜೊತೆ ಗಾಳಿಯನ್ನೂ ಸೇರಿಸುತ್ತದೆ. ಸೆಕೆ ಕಂಡವರ ಕಾನೂನು! ಬೆಳಕು, ಗಾಳಿ ಎರಡನ್ನೂ ನೆನೆದವರು ನೋಟವನ್ನೂ ನೆನೆಯಬಹುದಿತ್ತು. ಸಣ್ಣ ಸೈಟಿನ ಮಹಡಿಗಳಿಗೆ ಆ 1.7 ಮೀಟರ್ ಲೆಕ್ಕವನ್ನು ನಾಳೆಯೇ ತಂದರೂ ನನ್ನ ಓಟು ಅದಕ್ಕೆ.

ಇಲ್ಲಿನದೂ ಅರೆಬರೆಯೇ ಅನ್ನಿ. ಹಿಂಗೋಡೆಯ ಕಿಟಕಿಗೆ ಈ ಷರತ್ತಿಲ್ಲ. ಅಲ್ಲಿ ನಿಂತರೆ ಮೂರು ಮನೆಯ ಹಿತ್ತಿಲು ಬರಿಗಣ್ಣಿಗೆ ಬಿಚ್ಚಿಕೊಳ್ಳುತ್ತದೆ.

ಕೊನೆಗೆ ಮಸುಕು ಗಾಜನ್ನೇ ಹಾಕಿಸಿದೆ. ವಿಡಿಯೋ ಕಾಲಿನಲ್ಲಿ ದೇವರ ಗೂಡು ತೋರಿಸಿದಾಗ ಅಕ್ಕ ಕಿಟಕಿಯನ್ನೇ ದಿಟ್ಟಿಸಿದಳು: "ಏನೋ, ದೇವರನ್ನ ಬಾತ್‌ರೂಮಲ್ಲಿ ಇಟ್ಟಿದ್ದೀಯಾ?"