ಹೊಸ ಸ್ಟೋರೇಜ್ ತರಿಸೋ ಮೊದಲು ಪಾಳಿ ಎಲ್ಲಿ ನಿಂತೈತಿ ನೋಡ್ರಿ

ಮಾರ್ಚ್ 31ರ ರಾತ್ರಿ. ಹುಬ್ಬಳ್ಳಿಯ ಒಂದು ಸಹಕಾರಿ ಸಂಘದಲ್ಲಿ ಒಂಬತ್ತಕ್ಕೆ ಶುರುವಾದ ಬಡ್ಡಿ ಲೆಕ್ಕ ಎರಡು ಹೊಡೆದರೂ ಮುಗಿದಿರಲಿಲ್ಲ. "ಡಿಸ್ಕ್ ಸ್ಲೋ ಆಗೇತ್ರಿ ಸರ್, ಹೊಸ ಸ್ಟೋರೇಜ್ ತರಸೂಣು ಅಂದಾರ ಮ್ಯಾನೇಜರ್ರು" ಅಂದ ಅಲ್ಲಿನ ಹುಡುಗ. ಲಕ್ಷಗಟ್ಟಲೆ ರೂಪಾಯಿಯ ಕೊಟೇಶನ್ ಆಗಲೇ ಮೇಜಿನ ಮೇಲಿತ್ತು. ಹಮಾಲರು, ಕಾಯಿಪಲ್ಯ ಮಾರುವವರು ಇಟ್ಟ ಠೇವಣಿಯ ಸಂಘ ಅದು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಎರಡು ಕಡೆ ನೋಡಿದೆ. ಲೆಕ್ಕ ನಡೆಯುವ ವರ್ಚುವಲ್ ಮಷೀನ್ (ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಕಂಪ್ಯೂಟರ್) ಒಳಗೆ, ವಿಂಡೋಸ್‌ನ ಅಳತೆಯ ಸಾಧನ ಪರ್ಫ್‌ಮಾನ್‌ನಲ್ಲಿ, ಡಿಸ್ಕ್‌ನಿಂದ ಒಂದು ರೀಡ್‌ಗೆ 12 ಮಿಲಿಸೆಕೆಂಡ್. ಹೊರಗೆ, ಆ ಮಷೀನನ್ನು ಹೊತ್ತ ಸರ್ವರ್ ಅಂದರೆ ವಿಎಂವೇರ್ ಹೋಸ್ಟ್‌ನ ಅಳತೆಯ ಸಾಧನ ಇಎಸ್‌ಎಕ್ಸ್‌ಟಾಪ್‌ನಲ್ಲಿ, ಬರೀ 2. ಡಿಸ್ಕ್ ಚುರುಕಾಗೇ ಇತ್ತು. ಉಳಿದ 10 ಮಿಲಿಸೆಕೆಂಡ್ ಮಷೀನ್ ಒಳಗೇ ಪಾಳಿ ಹಚ್ಚಿ ನಿಂತದ್ದು.

ಓಎಸ್, ಡೇಟಾಬೇಸ್, ಲಾಗ್ ಎಲ್ಲ ಒಂದೇ ವರ್ಚುವಲ್ ಡಿಸ್ಕ್‌ನಲ್ಲಿ ತುರುಕಿದ್ದರು, ಅದೂ ಎಲ್‌ಎಸ್‌ಐ ಲಾಜಿಕ್ ಎಸ್‌ಎಎಸ್ ಅನ್ನೋ ಕಂಟ್ರೋಲರ್ (ಮಷೀನ್ ಮತ್ತು ಡಿಸ್ಕ್ ನಡುವಿನ ಬಾಗಿಲು) ಮೇಲೆ. ಅಲ್ಲಿ ಡಿಸ್ಕ್‌ಗೆ ಒಮ್ಮೆಲೇ 32 ಬೇಡಿಕೆ, 33ನೆಯದು ಕಾಯಬೇಕು. 2 ಮಿಲಿಸೆಕೆಂಡ್‌ಗೆ 32 ಅಂದರೆ ಸೆಕೆಂಡಿಗೆ 16,000. ಎಂಥಾ ದುಬಾರಿ ಪೆಟ್ಟಿಗೆ ತಂದು ಹಿಂದೆ ಇಟ್ಟರೂ ಬಾಗಿಲು ಅಷ್ಟೇ ಅಗಲ.

ಅದರ ಬದಲು ವಿಎಂವೇರ್‌ನದೇ ಪಿವಿ-ಸ್ಕಸಿ ಕಂಟ್ರೋಲರ್ ಹಾಕಿದರೆ ಡಿಸ್ಕ್‌ಗೆ 64 ಸಿಗುತ್ತದೆ, ಬೇಕಾದರೆ ಇನ್ನೂ ಏರಿಸಬಹುದು. ಒಂದು ಮಷೀನ್‌ಗೆ ಇಂಥ ನಾಲ್ಕು ಕಂಟ್ರೋಲರ್ ಕೂರುತ್ತವೆ. ಡೇಟಾಗೆ ಒಂದು, ಲಾಗ್‌ಗೆ ಒಂದು ಕೊಟ್ಟೆವು. ಡಿಸ್ಕ್‌ಗಳನ್ನು ಬೇರೆ ಬೇರೆ ಡೇಟಾಸ್ಟೋರ್‌ಗೂ (ಹೋಸ್ಟ್ ವರ್ಚುವಲ್ ಡಿಸ್ಕ್‌ಗಳನ್ನು ಇಡುವ ಜಾಗ) ಹಂಚಿದೆವು, ಯಾಕಂದರೆ ಒಂದೇ ಲನ್ (ಸ್ಟೋರೇಜ್‌ನಿಂದ ಹೋಸ್ಟ್‌ಗೆ ಕೊಟ್ಟ ಒಂದು ಪಾಲು) ಮೇಲೆ ಹಲವು ಮಷೀನ್ ಕೂತರೆ ಹೋಸ್ಟ್ ಕೂಡ ಪ್ರತಿ ಮಷೀನ್‌ಗೆ ಮಿತಿ ಹಾಕುತ್ತದೆ. ಹೋಸ್ಟ್‌ನಲ್ಲಾಗುವ ಆ ಕಾಯುವಿಕೆ ಇಎಸ್‌ಎಕ್ಸ್‌ಟಾಪ್‌ನ ಕೆಎವಿಜಿ ಕಾಲಮ್‌ನಲ್ಲಿ ಕಾಣುತ್ತದೆ. ಬೂಟ್ ಡಿಸ್ಕ್ ಮಾತ್ರ ಮುಟ್ಟಲಿಲ್ಲ. ಡ್ರೈವರ್ ಮೊದಲೇ ಹಾಕದೆ ಅದರ ಕಂಟ್ರೋಲರ್ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ.

ಹಾಗಂತ ಸಿಕ್ಕಸಿಕ್ಕಲ್ಲಿ ಕ್ಯೂ ಉದ್ದ ಮಾಡಬೇಡಿ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಐತಿ, ಅದರಿಂದ ರೈಲಿನ ವೇಗವೇನೂ ಹೆಚ್ಚಿಲ್ಲ. ಸ್ಟೋರೇಜ್ ನಿಜಕ್ಕೂ ಸುಸ್ತಾಗಿದ್ದರೆ, 64 ಕಳಿಸಿದಾಗ 2 ಮಿಲಿಸೆಕೆಂಡ್ ಹೋಗಿ 4 ಆಗುತ್ತದೆ, ಸೆಕೆಂಡಿಗೆ ಮತ್ತೆ ಅದೇ 16,000. ಒಳಗಿನ ಅಂಕಿ, ಹೊರಗಿನ ಅಂಕಿ ಎರಡೂ ಏರಿದ್ದರೆ ಮಾತ್ರ ಖರೀದಿಯ ಮಾತು ತೆಗೆಯಿರಿ. ಈ ಎರಡು ಅಂಕಿ ಕೇಳದೆ ಕೊಟೇಶನ್ ಕೊಡುವುದು ಅನ್ಯಾಯ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಸೆಪ್ಟೆಂಬರ್ ಕೊನೆಯ ಅರ್ಧವಾರ್ಷಿಕ ಬಡ್ಡಿ ಲೆಕ್ಕ ಹನ್ನೊಂದೂವರೆಗೆ ಮುಗಿಯಿತು. ಹುಡುಗ ಲಾಸ್ಟ್ ಬಸ್ಸಿಗೆ ಧಾರವಾಡಕ್ಕೆ ಹೋದ.