ಕಾಣೆಯಾದವರ ಬಗ್ಗೆ ಊರು ಮಾತಾಡಬೇಕಾ?

ಪರ: ಮಾತಾಡದಿದ್ದರೆ ಹುಡುಕೋರು ಯಾರು?

ಮಲೆನಾಡಿನಲ್ಲಿ ಒಬ್ಬರು ಕಾಣೆಯಾದರೆ ಹುಡುಕೋದು ಪೇಟೆಯಲ್ಲಿ ಹುಡುಕಿದ ಹಾಗಲ್ಲ. ಹೊಸನಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಿಗೆ ಪಕ್ಕದ ಮನೆ ಅಂದರೆ ಗುಡ್ಡದ ಆಚೆ. ಸಿಸಿ ಕ್ಯಾಮೆರಾ ಇರೋದು ಪೇಟೆ ಸರ್ಕಲ್ಲಿನಲ್ಲಿ. ಮನೆ ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಕಡೆ ಮೊಬೈಲ್ ಲೊಕೇಶನ್ ನಂಬಿಕೊಂಡು ಕೂರೋಕಾಗಲ್ಲ. ಇಲ್ಲಿ ಆಸರೆ ಅಂದರೆ ಜನರ ಕಣ್ಣು, ಜನರ ಬಾಯಿ. ಬೆಳಗಿನ ಬಸ್ಸಿನ ಕಂಡಕ್ಟರ್‌ಗೆ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಅಂತ ನೆನಪಿರುತ್ತದೆ. ಡೈರಿಗೆ ಹಾಲು ಹಾಕೋಕೆ ಬಂದವರು ದಾರಿಯಲ್ಲಿ ಕಂಡ ಹೊಸ ಕಾರಿನ ಬಣ್ಣ ಹೇಳುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಂತೂ ರಾತ್ರಿ ಅಂಗಳದಲ್ಲಿ ಕೂತ ಹತ್ತು ಜನ ಸೇರಿ ಊರಿನ ಇಡೀ ದಿನವನ್ನು ಮತ್ತೆ ಜೋಡಿಸಿಬಿಡುತ್ತಾರೆ. ಇದನ್ನು ಸುಮ್ನೆ ಹರಟೆ ಅಂತ ತಳ್ಳಿಹಾಕೋದು ತಪ್ಪು.

ಇನ್ನು ಮನೆಯವರ ವಿಷಯ. ಮಗಳು ಕಾಣೆಯಾದರೆ ಮೊದಲು ನೆನಪಾಗೋದು ಮರ್ಯಾದೆ. 'ಅಜ್ಜಿಮನೆಗೆ ಹೋಗಿದಾಳೆ' ಅಂತ ಎರಡು ದಿನ ಮುಚ್ಚಿಡುತ್ತಾರೆ. ಆ ಎರಡು ದಿನ ಮತ್ತೆ ಸಿಗಲ್ಲ. ಊರಿನವರು ಕೆದಕಿ ಕೆದಕಿ ಕೇಳಿದ್ದರಿಂದಲೇ ಠಾಣೆ ಮೆಟ್ಟಿಲು ಹತ್ತಿದವರು ಇದ್ದಾರೆ. ಠಾಣೆಯಲ್ಲೂ ಎಲ್ಲ ಸಲೀಸು ಅಂದುಕೊಳ್ಳಬೇಡಿ. '24 ಗಂಟೆ ಕಳೀಲಿ, ಆಮೇಲೆ ಬನ್ನಿ' ಅನ್ನೋ ಕಾನೂನು ಎಲ್ಲೂ ಇಲ್ಲ. ಮಕ್ಕಳು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೂ ಹಿಂದೆ ನಾಲ್ಕು ಜನ ನಿಂತಿದ್ದರೆ ಪೆನ್ನು ಬೇಗ ಓಡುತ್ತದೆ, ಅಲ್ವಾ?

ಟಿವಿಯನ್ನು ಬೈಯೋರಿಗೆ ಒಂದು ಮಾತು ಕೇಳಬೇಕು. 2019ರ ಜುಲೈನಲ್ಲಿ ಚಿಕ್ಕಮಗಳೂರಿನ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ನೇತ್ರಾವತಿ ಸೇತುವೆ ಹತ್ತಿರ ಕಾಣೆಯಾದರು. ಎನ್‌ಡಿಆರ್‌ಎಫ್ ಬಂತು, ಕೋಸ್ಟ್ ಗಾರ್ಡ್ ಬಂತು, ದೋಣಿಗಳು ಇಳಿದವು. ಕೊನೆಗೆ ಶವ ಕಂಡಿದ್ದು ಅಲ್ಲಿನ ಮೀನುಗಾರರಿಗೆ. ದೊಡ್ಡವರಿಗೆ ಟಿವಿಯೂ ಸೇರಿ ಇಷ್ಟೆಲ್ಲ ಸಿಗುತ್ತದೆ. ತೋಟದ ಕೆಲಸದ ಹೆಂಗಸು ಕಾಣೆಯಾದರೆ? ಪೇಪರಿನ ಒಳಪುಟದಲ್ಲಿ ಬೆರಳಗಲದ ಪ್ರಕಟಣೆ. 'ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ.' ಜಿಲ್ಲೆಯ ಅರ್ಧ ಜನ ಆ ಚಹರೆಗೆ ಹೊಂದುತ್ತಾರೆ. ಅವಳ ಹೆಸರು ಜನರ ಬಾಯಲ್ಲಿ ಉಳಿಯೋದು ಊರು ಮಾತಾಡಿದರೆ ಮಾತ್ರ.

ಕೊಡಗಿನ ಪ್ರಕರಣವನ್ನೇ ನೋಡಿ. ಹೆಂಡತಿ ಕಾಣೆಯಾದಳು ಅಂತ ದೂರು ಕೊಟ್ಟ ಗಂಡನೇ ಅವಳನ್ನು ಕೊಂದ ಅಂತ ಜೈಲಿಗೆ ಹೋದ. 2025ರ ಏಪ್ರಿಲ್‌ನಲ್ಲಿ ಅವಳು ಮಡಿಕೇರಿಯ ಒಂದು ಹೋಟೆಲಿನಲ್ಲಿ ಊಟ ಮಾಡುತ್ತಿದ್ದಳು. ಗುರುತು ಹಿಡಿದಿದ್ದು ಪೊಲೀಸರಲ್ಲ, ಅವನ ಗೆಳೆಯರು. ಅವರಿಗೆ ಅವಳ ಮುಖ ನೆನಪಿತ್ತು. ವರ್ಷಗಳು ಕಳೆದರೂ ಆ ವಿಷಯ ಅವರ ನಡುವೆ ಸತ್ತಿರಲಿಲ್ಲ.

ವಿರೋಧ: ಕಂಡಿದ್ದು ಬೇರೆ, ಕಟ್ಟಿದ್ದು ಬೇರೆ

ಕೊಡಗಿನ ಕಥೆಯ ಮೊದಲ ಅರ್ಧವನ್ನೂ ಹೇಳಬೇಕಲ್ಲ? ಪಕ್ಕದ ಜಿಲ್ಲೆಯಲ್ಲಿ ಯಾವುದೋ ಅಸ್ಥಿಪಂಜರ ಸಿಕ್ಕಿತು. ಅದು ಅವಳದ್ದೇ ಅಂತ ನಂಬಿದರು. ಗಂಡನೇ ಕೊಂದಿದ್ದು ಅಂತಲೂ ನಂಬಿದರು. ಡಿಎನ್ಎ ಹೊಂದಲಿಲ್ಲ. ಆದರೂ ಅವನು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಇದು ಪೊಲೀಸರ ತಪ್ಪು, ಒಪ್ಪಿದೆ. ಆದರೆ 'ಹೆಂಡತಿ ಕಾಣೆಯಾದರೆ ಗಂಡನೇ ಏನೋ ಮಾಡಿರಬೇಕು' ಅನ್ನೋ ಮಾತು ಠಾಣೆಯೊಳಗೇ ಹುಟ್ಟಿದ್ದಲ್ಲ. ಅದು ಪ್ರತಿ ಊರಿನ ಹೋಟೆಲಿನಲ್ಲೂ ಸಿಗುತ್ತದೆ.

ಕಂಡಕ್ಟರ್ ಕಂಡಿದ್ದನ್ನು ಹೇಳಲಿ, ಬೇಡ ಅಂದವರು ಯಾರು? ಅದನ್ನು ಪೊಲೀಸರಿಗೆ ಹೇಳಲಿ. ಆದರೆ ಊರಿನ ಮಾತು ಅಲ್ಲಿಗೆ ನಿಲ್ಲಲ್ಲ. 'ರಿಪ್ಪನ್‌ಪೇಟೆಯಲ್ಲಿ ಇಳಿದಳು' ಅನ್ನೋದು ಸಂಜೆಗೆ 'ಯಾರದೋ ಬೈಕ್ ಹತ್ತಿದಳಂತೆ' ಆಗುತ್ತದೆ. ಮರುದಿನ ಆ ಬೈಕಿನವನಿಗೆ ಒಂದು ಜಾತಿ ಬರುತ್ತದೆ, ಒಂದು ಧರ್ಮ ಬರುತ್ತದೆ. ಮೂರನೇ ದಿನ ಯಾವುದೋ ಸಂಘಟನೆಯವರು ಠಾಣೆ ಮುಂದೆ ಕೂತಿರುತ್ತಾರೆ. ಆ ಹೊತ್ತಿಗೆ ಹುಡುಗಿಯನ್ನು ಹುಡುಕಬೇಕಾದ ಪೊಲೀಸರು ಬಂದೋಬಸ್ತಿನಲ್ಲಿ ಇರುತ್ತಾರೆ. ಶಿವಮೊಗ್ಗದಂಥ ಊರಿನಲ್ಲಿ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನವರ ಗತಿ ಇನ್ನೂ ಕಷ್ಟ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್ ತುಂಬ ಸುಳ್ಳು ಹರಿದಾಡಿತ್ತು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನಲ್ಲಿದ್ದ ಒಬ್ಬ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬನನ್ನು ಕೊಂದರು. ಅಂಥ ಸಾವುಗಳು ದೇಶದಲ್ಲಿ ಹೆಚ್ಚಾದ ಮೇಲೆ ವಾಟ್ಸಾಪ್ ಫಾರ್ವರ್ಡ್‌ಗೆ ಐದು ಅಂತ ಮಿತಿ ಹಾಕಿತು. ಅಡಿಕೆ ಕೊಯ್ಲಿಗೆ, ಕಾಫಿ ತೋಟಕ್ಕೆ ದೂರದ ಊರುಗಳಿಂದ ಬಂದ ಕೂಲಿಯವರು ಈಗ ಮಲೆನಾಡಿನ ತುಂಬ ಇದ್ದಾರೆ. ಮಗು ಕಾಣೆಯಾದರೆ ಮೊದಲ ಬೆರಳು ಅವರ ಲೈನ್ ಮನೆ ಕಡೆಗೇ ತಿರುಗುತ್ತದೆ.

ಟಿವಿಯಿಂದ ಬಡವರಿಗೆ ನ್ಯಾಯ ಸಿಗುತ್ತದೆ ಅನ್ನೋರು 2008ರ ನೋಯ್ಡಾ ಪ್ರಕರಣ ನೆನಪಿಸಿಕೊಳ್ಳಲಿ. ಹುಡುಗಿಯ ಕೊಲೆಯಾಗಿತ್ತು, ಮನೆಗೆಲಸದವನು ಕಾಣಲಿಲ್ಲ. ಅವನೇ ಕೊಂದು ಓಡಿಹೋದ ಅಂತ ಎಲ್ಲರೂ ತೀರ್ಪು ಕೊಟ್ಟರು. ಮರುದಿನ ಅವನ ಹೆಣ ಅದೇ ಮನೆಯ ತಾರಸಿ ಮೇಲೆ ಸಿಕ್ಕಿತು. ಆಮೇಲೆ ಚಾನೆಲ್‌ಗಳು ಅಪ್ಪ ಅಮ್ಮನ ಕಡೆ ತಿರುಗಿದವು. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಮನೆಗೆಲಸದವನ ಮೇಲೆ ಒಂದು ದಿನದ ಮಟ್ಟಿಗೆ ಹಾಕಿದ ಕೊಲೆಗಾರನ ಪಟ್ಟಕ್ಕೆ ಯಾರೂ ಕ್ಷಮೆ ಕೇಳಿದ್ದು ಕಾಣಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡೋದು ವಾಪಸ್ ಬರುವವರ ಪಾಡು. ಕಾಣೆಯಾದವರೆಲ್ಲ ಸತ್ತಿರಲ್ಲ. ಪರೀಕ್ಷೆ ಫೇಲಾಗಿ ಹೆದರಿ ಹೋದ ಹುಡುಗ ಇರುತ್ತಾನೆ. ಸಾಲದ ಕಾಟಕ್ಕೆ ಹೋದ ರೈತ ಇರುತ್ತಾನೆ. ಹೊಡೆತ ತಾಳಲಾರದೆ ಹೋದ ಸೊಸೆ ಇರುತ್ತಾಳೆ. ಹದಿನೆಂಟು ದಾಟಿದವಳು ತನ್ನಿಷ್ಟದಿಂದ ಮನೆ ಬಿಟ್ಟಿದ್ದರೆ ಅದು ಅಪರಾಧವಲ್ಲ. ಪೊಲೀಸರು ಪತ್ತೆ ಮಾಡಿ ಹೇಳಿಕೆ ಬರೆದುಕೊಂಡ ಮೇಲೆ ಎಲ್ಲಿಗೆ ಹೋಗಬೇಕು ಅನ್ನೋದು ಅವಳಿಗೇ ಬಿಟ್ಟಿದ್ದು. ಆದರೆ ವಾರದಲ್ಲಿ ಅವಳು ತಿರುಗಿ ಬರೋ ಹೊತ್ತಿಗೆ ಊರು ಅವಳ ಮೂರು ಕಥೆ ಕಟ್ಟಿರುತ್ತದೆ. ಮೂರರಲ್ಲೂ ಒಬ್ಬ ಗಂಡಸು ಇರುತ್ತಾನೆ. ಆ ಕಥೆಗೆ ಹೆದರಿಯೇ ಬಸ್ ಸ್ಟಾಂಡಿನಿಂದ ಹಿಂದೆ ತಿರುಗಿ ಹೋಗುವವರನ್ನು ಯಾರು ಲೆಕ್ಕ ಇಟ್ಟಿದ್ದಾರೆ?

ಚಿಕ್ಕವರ ವಿಷಯಕ್ಕೆ ಕಾನೂನೇ ಇದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೋ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಹಾಕಬಾರದು ಅಂತ ಪೋಕ್ಸೊ ಹೇಳುತ್ತದೆ. ಆದರೆ ಕಾಣೆಯಾದ ದಿನ ಹಂಚಿದ ಫೋಟೋವನ್ನು ಆಮೇಲೆ ವಾಪಸ್ ಪಡೆಯೋದು ಹೇಗೆ? ಕಾಣೆಯಾದ ಸುದ್ದಿ ನೂರು ಗ್ರೂಪಿಗೆ ಹೋಗುತ್ತದೆ, ಸಿಕ್ಕ ಸುದ್ದಿ ಎರಡು ಗ್ರೂಪಿಗೆ. ಎಂದೋ ಮನೆಗೆ ಮರಳಿದ ಹುಡುಗಿಯ ಫೋಟೋ ಇವತ್ತೂ 'ದಯವಿಟ್ಟು ಶೇರ್ ಮಾಡಿ' ಅಂತ ಓಡಾಡುತ್ತಿರುತ್ತದೆ, ಅವಳ ಮದುವೆಗೆ ಗಂಡು ನೋಡೋಕೆ ಬಂದವರ ಫೋನಿನಲ್ಲೂ.