ಎರಡೂವರೆ ಅಡಿ ಹಳಿಯ ಋಣ

ಚಿಕ್ಕಬಳ್ಳಾಪುರ–ಕೋಲಾರ ರೈಲಿನ ಮಾತು ಬಂದಾಗಲೆಲ್ಲ, ಬಸ್ಸು ಮತ್ತು ಲಾರಿಗಳು ಬಂದು ಆ ಪುಟ್ಟ ರೈಲನ್ನು ಮುಗಿಸಿಬಿಟ್ಟವು ಎಂದು ನಮ್ಮ ಕಡೆಯವರು ಹೇಳುವುದುಂಟು. ಅದು ಅರ್ಧ ಸತ್ಯ ಎಂಬುದು ನನ್ನ ಅಭಿಪ್ರಾಯ.

ಅಂದಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿಯೂ, ಯಲಹಂಕ–ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿಯೂ ರೈಲು ಬಂದಿತು. ಆಗ ದಿವಾನರಾಗಿದ್ದವರು ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ತಮ್ಮ ಊರಿಗೆ ರೈಲು ತಂದುಕೊಂಡರೆಂದು ಯಾರಾದರೂ ಗೊಣಗಿದ್ದರೋ ಏನೋ! ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಎರಡೂ ಭಾಗಗಳು ಕೂಡಿಕೊಂಡವು.

ಹಳಿಗಳ ನಡುವಿನ ಅಂತರ ಕೇವಲ ಎರಡೂವರೆ ಅಡಿ. ಕಡಿಮೆ ಖರ್ಚಿನಲ್ಲಿ, ಬಿಗಿಯಾದ ತಿರುವುಗಳೊಂದಿಗೆ ಹಳಿ ಹಾಕಲು ಅದು ಅನುಕೂಲವಾಗಿತ್ತು. ತೊಡಕಿದ್ದದ್ದು ಎರಡು ತುದಿಗಳಲ್ಲಿ. ಬಂಗಾರಪೇಟೆಯಲ್ಲಿ ಎದುರಾಗುತ್ತಿದ್ದುದು ಮದ್ರಾಸಿನ ಕಡೆಯ ಐದೂವರೆ ಅಡಿಯ ಬ್ರಾಡ್‌ಗೇಜ್. ಬೆಂಗಳೂರಿನ ತುದಿಯಲ್ಲಿ ಹುಬ್ಬಳ್ಳಿ, ಗುಂತಕಲ್‌ಗಳ ಕಡೆ ಹೊರಟಿದ್ದುದು ಒಂದು ಮೀಟರ್ ಅಗಲದ ಮೀಟರ್‌ಗೇಜ್. ಹೀಗಾಗಿ ಚಿಂತಾಮಣಿಯಲ್ಲಿ ತುಂಬಿದ ಮೂಟೆ ಯಾವ ದಿಕ್ಕಿಗೆ ದೂರ ಹೋಗಬೇಕಿದ್ದರೂ ಒಮ್ಮೆ ಇಳಿದು, ಹಮಾಲರ ಬೆನ್ನೇರಿ, ಇನ್ನೊಂದು ಗಾಡಿ ಹತ್ತಲೇಬೇಕಿತ್ತು. ಕೂಲಿ ಹೆಚ್ಚು, ಕಾಯುವಿಕೆ ಹೆಚ್ಚು, ಮಾಲು ಹಾಳಾಗುವ ಭಯವೂ ಹೆಚ್ಚು. ಲಾರಿ ಗೆದ್ದದ್ದು ವೇಗದಿಂದಷ್ಟೇ ಅಲ್ಲ, ಮಂಡಿಯ ಬಾಗಿಲಲ್ಲಿ ಹೇರಿದ್ದನ್ನು ನಡುವೆ ಇಳಿಸದೆ ಒಯ್ದದ್ದರಿಂದ.

ಹಳಿಯನ್ನು ಬ್ರಾಡ್‌ಗೇಜಿಗೆ ಅಗಲಗೊಳಿಸುವ ಪರಿವರ್ತನೆಯೂ ತುಂಡುತುಂಡಾಗಿ ಬಂದಿತು. 1990ರ ದಶಕದಲ್ಲಿ ಎರಡು ತುದಿಗಳು ಬ್ರಾಡ್‌ಗೇಜ್ ಆದವು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳಿದ್ದ ನಡುವಿನ ಭಾಗ ಮಾತ್ರ 2013ರವರೆಗೆ ಕಾಯಬೇಕಾಯಿತು. ರೇಷ್ಮೆಗೂಡಿಗೆ ಒಂದು, ಮಾವಿಗೆ ಒಂದು ಎಂಬಂತೆ ಹೆಸರಾದ ಊರುಗಳೇ ಹೀಗೆ ಉಳಿದದ್ದು ನನಗೆ ಇಂದಿಗೂ ವಿಚಿತ್ರವಾಗಿ ತೋರುತ್ತದೆ. ಹಳಿ ಅಗಲವಾಗುವ ವೇಳೆಗೆ ವ್ಯಾಪಾರಿ ರಸ್ತೆಗೆ ಒಗ್ಗಿಹೋಗಿದ್ದ.

ನಂದಿ ಹಾಲ್ಟ್‌ನಂತಹ ಹಳೆಯ ನಿಲ್ದಾಣಗಳನ್ನು ಈಗ ಪಾರಂಪರಿಕ ಕಟ್ಟಡಗಳೆಂದು ಗುರುತಿಸಿ ಅಂದಗೊಳಿಸಿರುವುದು ಸಂತೋಷವೇ. 2021ರಲ್ಲಿ ವಿಮಾನ ನಿಲ್ದಾಣದ ಬಳಿಯೂ ಇದೇ ಮಾರ್ಗದಲ್ಲಿ ಒಂದು ಹಾಲ್ಟ್ ತೆರೆಯಿತು. ಆದರೆ ಈ ಹಳಿಯನ್ನು ಬೆಂಗಳೂರಿನ ಬಾಲವೆಂದು ಮಾತ್ರ ಎಣಿಸುವುದಕ್ಕೆ ನನ್ನ ಆಕ್ಷೇಪವಿದೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಿಂದ ಸರಕು ಬೋಗಿಗಳನ್ನು ನೇರವಾಗಿ ದೂರದ ಊರುಗಳಿಗೆ ಓಡಿಸಿ ನೋಡಲಿ. ಅಂದು ಅಡ್ಡಿಯಾಗಿದ್ದ ಗೇಜಿನ ಭೇದ ಈಗಿಲ್ಲ.